ಮೀನಿಗೆ ಔಷಧ ಹಾಕುವ ಮೊದಲು: ಅಕ್ವೇರಿಯಂ ಮೀನಿನ ರೋಗ ಗುರುತಿಸಿ ಗುಣಪಡಿಸುವ ಹಂತಗಳು

"ಕಾಕಾ, ಮೀನಿನ ಮೈಮ್ಯಾಲೆ ಉಪ್ಪು ಉದುರಿದಂಗ ಕಾಣಾಕತ್ತೈತಿ. ನೀಲಿ ಔಷಧ ಹಾಕೇನಿ, ನೀರೆಲ್ಲಾ ಚೆಲ್ಲಿ ಹೊಸಾದು ತುಂಬೇನಿ. ಆದ್ರೂ ಎರಡು ಸತ್ತು ಹೋದ್ವು."

ಡಿಸೆಂಬರ್ ಬಂತೆಂದರೆ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಈ ಮಾತು ಕೇಳುತ್ತೇನೆ. ಹುಡುಗರು ಹೇಳುತ್ತಾರೆ, ಅವರ ಅಪ್ಪಂದಿರೂ ಹೇಳುತ್ತಾರೆ. ಮಾಡಿದ್ದು ಎಲ್ಲರೂ ಹೆಚ್ಚುಕಡಿಮೆ ಒಂದೇ. ಮೊದಲು ಔಷಧ, ಆಮೇಲೆ ಪೂರ್ತಿ ನೀರು ಬದಲು, ಚುಕ್ಕಿ ಕಾಣದಂತಾದ ಕೂಡಲೇ ಎಲ್ಲ ಬಂದ್. ಅವರು ತಂದ ಔಷಧ ಬಹಳ ಸಲ ಸರಿಯಾಗಿಯೇ ಇರುತ್ತದೆ. ತಪ್ಪಿರುವುದು ಹಿಂದುಮುಂದು ಮಾಡಿದ ಕ್ರಮದಲ್ಲಿ. ಆದ್ದರಿಂದ ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲಿಯೇ ಮಾಡಿ. ಮೀನು ಸಾಯುವಂತಿದೆ ಅನಿಸಿದರೂ ಮೊದಲ ಹಂತವನ್ನು ಬಿಟ್ಟು ಮುಂದೆ ಹೋಗಬೇಡಿ.

## ಮನೆಯಲ್ಲಿ ಇರಬೇಕಾದ ಸಾಮಾನು

ಮೀನು ಕಾಯಿಲೆ ಬಿದ್ದ ರಾತ್ರಿ ಅಂಗಡಿ ಮುಚ್ಚಿರುತ್ತದೆ. ಹಾಗಾಗಿ ಇವು ಮೊದಲೇ ಮನೆಯಲ್ಲಿರಲಿ.

- ನೀರಿನ ಥರ್ಮಾಮೀಟರ್
- ಅಮೋನಿಯಾ, ನೈಟ್ರೈಟ್, ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಲೆಕ್ಕ) ಅಳೆಯುವ ಹನಿ ಟೆಸ್ಟ್ ಕಿಟ್
- 20 ಲೀಟರಿನ ಪ್ಲಾಸ್ಟಿಕ್ ಟಬ್, ಅದಕ್ಕೊಂದು ಏರ್ ಪಂಪ್ ಮತ್ತು ಸ್ಪಂಜ್ ಫಿಲ್ಟರ್
- ಗ್ರಾಂ ತೋರಿಸುವ ಸಣ್ಣ ತಕ್ಕಡಿ, ಸೂಜಿ ತೆಗೆದ ಸಿರಿಂಜ್
- ಟಾರ್ಚ್, ತಳ ಎಳೆಯುವ ಸೈಫನ್ ಪೈಪು, ಟಬ್ಬಿಗೆ ಬೇರೆಯದೇ ಬಲೆ
- ಆಂಟಿ ಕ್ಲೋರಿನ್, ಹರಳುಪ್ಪು, ಮಿಥಿಲಿನ್ ಬ್ಲೂ, ಮ್ಯಾಲಕೈಟ್ ಗ್ರೀನ್ ಇರುವ ಬಿಳಿಚುಕ್ಕಿ ಔಷಧ

ಟಬ್ಬಿಗೆ ಒಮ್ಮೆಯೂ ಸೋಪು, ಸರ್ಫ್ ತಾಗಿರಬಾರದು. ಸ್ಪಂಜ್ ಫಿಲ್ಟರನ್ನು ಖಾಲಿ ಟಬ್ಬಿನಲ್ಲಿ ಒಣಗಿಸಿ ಇಡಬೇಡಿ. ಅದು ಯಾವಾಗಲೂ ದೊಡ್ಡ ಟ್ಯಾಂಕಿನ ಮೂಲೆಯಲ್ಲಿ ಓಡುತ್ತಿರಲಿ. ಬೇಕಾದಾಗ ಎತ್ತಿ ಟಬ್ಬಿಗೆ ಹಾಕಿದರೆ ನೀರು ಶುದ್ಧ ಮಾಡುವ ಬ್ಯಾಕ್ಟೀರಿಯಾ ಅದರ ಜೊತೆಗೇ ಬರುತ್ತವೆ.

ಟೆಸ್ಟ್ ಕಿಟ್ ದುಬಾರಿ ಅಂತ ಬಹಳ ಜನ ಬಿಡುತ್ತಾರೆ. ಇಡೀ ಪಟ್ಟಿಯಲ್ಲಿ ಒಂದನ್ನೇ ಕೊಳ್ಳಲು ದುಡ್ಡಿದ್ದರೆ ಅದನ್ನೇ ಕೊಳ್ಳಿ ಅಂತ ನಾನು ಹೇಳುತ್ತೇನೆ.

## ಹಂತ 1: ನೀರು ಪರೀಕ್ಷೆ ಮಾಡಿ

ಮೀನಿನ ಮಲ, ಉಳಿದ ಊಟದಿಂದ ನೀರಿನಲ್ಲಿ ಸೇರುವ ವಿಷ ಅಮೋನಿಯಾ. ಅದು ಸೊನ್ನೆ ಇರಬೇಕು. ಅಮೋನಿಯಾವನ್ನು ಬ್ಯಾಕ್ಟೀರಿಯಾ ಒಡೆದಾಗ ಬರುವ ನೈಟ್ರೈಟೂ ಸೊನ್ನೆ. ಎರಡರಲ್ಲಿ ಒಂದು ಸ್ವಲ್ಪ ಬಣ್ಣ ತೋರಿಸಿದರೂ ಮೊದಲು ಅದನ್ನು ಸರಿ ಮಾಡಬೇಕು. ಮೇಲೆ ಬಂದು ಬಾಯಿ ಬಡಿಯುವುದು, ಕಿವಿರು ಕೆಂಪಾಗುವುದು, ರೆಕ್ಕೆ ಮಡಚಿಕೊಂಡು ಮೂಲೆ ಹಿಡಿಯುವುದು, ಇವೆಲ್ಲ ಅಮೋನಿಯಾದ ಲಕ್ಷಣಗಳು. ಇದಕ್ಕೆ ರೋಗದ ಔಷಧ ಹಾಕಿದರೆ ಉಸಿರಾಡಲು ಒದ್ದಾಡುತ್ತಿರುವ ಮೀನಿಗೆ ಇನ್ನೊಂದು ಭಾರ ಹೊರಿಸಿದಂತೆ.

ಹೊಸ ಟ್ಯಾಂಕಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ನೆಲೆಯೂರಲು 4ರಿಂದ 6 ವಾರ ಬೇಕು. ಆ ಅವಧಿಯಲ್ಲಿ ಮೀನು ಸತ್ತರೆ ಮೊದಲ ಅನುಮಾನ ನೀರಿನ ಮೇಲೆಯೇ ಇರಲಿ.

ಇನ್ನು ನಮ್ಮ ಕಡೆಯ ನೀರಿನ ಮಾತು. ಮಲಪ್ರಭೆಯ ರೇಣುಕಾಸಾಗರದಿಂದ, ನೀರಸಾಗರದಿಂದ ಹುಬ್ಬಳ್ಳಿ-ಧಾರವಾಡಕ್ಕೆ ನೀರು ಬರುತ್ತದೆ. ಆದರೆ ಎಷ್ಟೋ ಬಡಾವಣೆಗಳಲ್ಲಿ ನಳ ಬರುವುದು ಹಲವು ದಿನಕ್ಕೊಮ್ಮೆ. ಹೀಗಾಗಿ ಒಂದು ರೂಢಿ ಬೆಳೆದಿದೆ. ನಳ ಬಂದ ದಿನ ಬಟ್ಟೆ ಒಗೆಯುವ ಹಾಗೆ ಮೀನಿನ ಟ್ಯಾಂಕನ್ನೂ ಪೂರ್ತಿ ಖಾಲಿ ಮಾಡಿ, ಕಲ್ಲು ತೊಳೆದು, ಫಿಲ್ಟರನ್ನು ನಳದ ಕೆಳಗೆ ಹಿಂಡಿ, ಕ್ಲೋರಿನ್ ಇರುವ ತಾಜಾ ನೀರು ತುಂಬುವುದು. ಆ ದಿನ ಟ್ಯಾಂಕ್ ಫಳಫಳ ಹೊಳೆಯುತ್ತದೆ. ಒಳ್ಳೆಯ ಬ್ಯಾಕ್ಟೀರಿಯಾ ಮಾತ್ರ ಬಹುಪಾಲು ಸತ್ತಿರುತ್ತವೆ. ಎರಡು ಮೂರು ದಿನಕ್ಕೆ ಅಮೋನಿಯಾ ಏರುತ್ತದೆ, ವಾರದೊಳಗೆ ಮೀನಿನ ಬಾಲ ಕೊಳೆಯಲು ಶುರು. ನಾನೂ ಮೊದಲ ವರ್ಷ ಹೀಗೇ ಮಾಡಿ ಒಂದು ಟ್ಯಾಂಕಿನಷ್ಟು ಮೀನು ಕಳೆದುಕೊಂಡೆ. ಅದರ ನೋವು ಇನ್ನೂ ಇದೆ.

ಇದಕ್ಕೆ ದಾರಿ ಸುಲಭ. ಮೀನಿಗೆಂದೇ 50 ಲೀಟರಿನ ಒಂದು ಡ್ರಮ್ ಇಡಿ. ನಳ ಬಂದ ದಿನ ಅದನ್ನು ತುಂಬಿ, ಆಂಟಿ ಕ್ಲೋರಿನ್ ಹಾಕಿ, ಅಥವಾ ಬಾಯಿ ತೆರೆದಿಟ್ಟು ಒಂದು ದಿನ ಗಾಳಿ ಆಡಿಸಿ. ಆ ನೀರನ್ನೇ ವಾರಕ್ಕೊಮ್ಮೆ ಕಾಲು ಭಾಗ ಬದಲು ಮಾಡಲು ಬಳಸಿ. ಫಿಲ್ಟರಿನ ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ಹಳೆ ನೀರಿನಲ್ಲೇ ಹಿಂಡಿ.

ಬೋರ್ ನೀರು ಬಳಸುವವರು, ಅದರಲ್ಲೂ ಗದಗ ಕಡೆಯವರು, ಪಿಎಚ್ ಕಡೆ ಜಾಸ್ತಿ ಗಮನ ಕೊಡಬೇಕು. 25 ಡಿಗ್ರಿಯ ನೀರಿನಲ್ಲಿ ಪಿಎಚ್ 7 ಇದ್ದಾಗ ಅಮೋನಿಯಾದ ವಿಷದ ಪಾಲು ನೂರಕ್ಕೆ ಒಂದಕ್ಕಿಂತ ಕಡಿಮೆ. ಪಿಎಚ್ 8 ಆದರೆ ಅದೇ ಪಾಲು ಸುಮಾರು ಹತ್ತು ಪಟ್ಟು. ಗಡಸು ಬೋರ್ ನೀರಿನ ಪಿಎಚ್ ಸಾಮಾನ್ಯವಾಗಿ 7ರ ಮೇಲೆಯೇ ಇರುತ್ತದೆ. ಈಗಷ್ಟೇ ಎತ್ತಿದ ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಕರಗಿರುವುದರಿಂದ ಪಿಎಚ್ ಕಡಿಮೆ ತೋರಿಸಬಹುದು. ಒಂದು ದಿನ ಗಾಳಿ ಆಡಿಸಿದ ಮೇಲೆ ಅಳೆದರೆ ನಿಜ ಗೊತ್ತಾಗುತ್ತದೆ.

ಅಮೋನಿಯಾ ಕಂಡರೆ ನೂರಕ್ಕೆ 30ರಿಂದ 50 ಭಾಗ ನೀರು ಬದಲಿಸಿ. ಹೊಸ ನೀರಿನ ಬಿಸಿ ಹಳೆಯದಕ್ಕಿಂತ 2 ಡಿಗ್ರಿಗಿಂತ ಹೆಚ್ಚು ಆಚೀಚೆ ಆಗಬಾರದು. ಒಂದು ದಿನ ಊಟ ನಿಲ್ಲಿಸಿ. ಮರುದಿನ ಮತ್ತೆ ಅಳೆಯಿರಿ.

ಒಂದು ಎಚ್ಚರಿಕೆ. ತಿಂಗಳುಗಟ್ಟಲೆ ನೀರು ಬದಲಿಸದ ಹಳೆ ಟ್ಯಾಂಕಿನಲ್ಲಿ ಪಿಎಚ್ ಇಳಿದು, ಅಮೋನಿಯಾ ತುಂಬಿಕೊಂಡಿರುತ್ತದೆ. ಅಲ್ಲಿಗೆ ಒಮ್ಮೆಲೇ ಅರ್ಧ ಟ್ಯಾಂಕ್ ಬೋರ್ ನೀರು ಸುರಿದರೆ ಪಿಎಚ್ ಏರಿ, ಅದುವರೆಗೆ ಸುಮ್ನೆ ಇದ್ದ ಅಮೋನಿಯಾ ವಿಷವಾಗುತ್ತದೆ. ಇಂಥ ಟ್ಯಾಂಕಿಗೆ ದಿನಕ್ಕೆ ನೂರಕ್ಕೆ 10ರಿಂದ 15 ಭಾಗ ಮಾತ್ರ ಬದಲಿಸಿ.

## ಹಂತ 2: ಹತ್ತು ನಿಮಿಷ ಕೂತು ನೋಡಿ

ಒಂದು ಸ್ಟೂಲ್ ಹಾಕಿಕೊಂಡು ಟ್ಯಾಂಕಿನ ಮುಂದೆ ಕುಳಿತುಕೊಳ್ಳಿ. ಗಾಜು ಬಡಿಯಬೇಡಿ, ಊಟ ಹಾಕಬೇಡಿ. ಮೀನು ನಿಮ್ಮನ್ನು ಮರೆತ ಮೇಲೆ ನಿಜವಾದ ನಡವಳಿಕೆ ಕಾಣುತ್ತದೆ.

ಮೊದಲ ಪ್ರಶ್ನೆ: ಎಲ್ಲ ಮೀನಿಗೂ ಒಟ್ಟಿಗೆ ಆಯಿತೋ, ಒಂದೊಂದಕ್ಕೇ ಆಗುತ್ತಿದೆಯೋ? ಕೆಲವೇ ಗಂಟೆಗಳಲ್ಲಿ ಎಲ್ಲವೂ ಒದ್ದಾಡಿದರೆ ಅದು ನೀರು ಅಥವಾ ವಿಷ. ಸೊಳ್ಳೆ ಔಷಧ ಹೊಡೆದಿರಾ? ಗೋಡೆಗೆ ಬಣ್ಣ ಹಚ್ಚಿದಿರಾ? ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬಿಡುತ್ತದೆ. ಸೊಳ್ಳೆ ಔಷಧಗಳಲ್ಲಿರುವ ಪೈರೆಥ್ರಾಯ್ಡ್ ಮೀನಿಗೆ ಬಹಳ ವಿಷ. ದೀಪಾವಳಿಗೆ ಮನೆಗೆ ಬಣ್ಣ ಹಚ್ಚುವಾಗ ಟ್ಯಾಂಕನ್ನು ಬೇರೆ ಕೋಣೆಗೆ ಸಾಗಿಸಲು ಆಗದಿದ್ದರೆ ಪಂಪನ್ನಾದರೂ ಹೊರಗಿನ ಗಾಳಿ ಸಿಗುವ ಕಡೆ ಇಡಿ.

ದಿನ ಕಳೆದಂತೆ ಒಂದರ ನಂತರ ಒಂದಕ್ಕೆ ಬಂದರೆ ಅದು ರೋಗ.

ಆಮೇಲೆ ಉಸಿರು ನೋಡಿ. ಕಿವಿರು ಎಷ್ಟು ಬೇಗ ಬಡಿಯುತ್ತಿದೆ, ಎರಡೂ ಕಡೆ ಬಡಿಯುತ್ತಿದೆಯೇ? ಮೈಯನ್ನು ಕಲ್ಲಿಗೆ, ಗಿಡಕ್ಕೆ ಉಜ್ಜುತ್ತಿದೆಯೇ? ರೆಕ್ಕೆ ಬಿಚ್ಚಿದೆಯೋ, ಮೈಗೆ ಅಂಟಿದೆಯೋ? ಮಲ ಬಿಳಿ ದಾರದಂತೆ ಜೋತಾಡುತ್ತಿದೆಯೇ? ಊಟಕ್ಕೆ ಕರೆದಾಗ ಬಾರದಿದ್ದರೆ ಅದನ್ನೂ ಬರೆದುಕೊಳ್ಳಿ.

ಕೊನೆಗೆ ಕೋಣೆಯ ದೀಪ ಆರಿಸಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಮೈ ನೋಡಿ. ಹಗಲಿನಲ್ಲಿ ಕಾಣದ ಪುಡಿ, ಪೊರೆ ಆಗ ಕಾಣುತ್ತವೆ. ಮೇಲಿನಿಂದಲೂ ಒಮ್ಮೆ ನೋಡಿ. ಫೋಟೋ ತೆಗೆದಿಟ್ಟುಕೊಳ್ಳಿ. ನಾಳೆಗೆ ಹೆಚ್ಚಾಯಿತೋ ಕಡಿಮೆಯಾಯಿತೋ ತಿಳಿಯಲು ನೆನಪು ಸಾಲುವುದಿಲ್ಲ.

## ಹಂತ 3: ಎಲ್ಲಿ ಚಿಕಿತ್ಸೆ ಮಾಡಬೇಕು ಅಂತ ತೀರ್ಮಾನಿಸಿ

ಬಿಳಿಚುಕ್ಕಿ, ವೆಲ್ವೆಟ್, ಹುಳು, ಹೇನು (ಇವುಗಳ ಗುರುತು ಹಂತ 5ರಲ್ಲಿದೆ) ಇದ್ದರೆ ಇಡೀ ಟ್ಯಾಂಕಿಗೇ ಚಿಕಿತ್ಸೆ. ಕಂಡ ಒಂದು ಮೀನನ್ನು ಎತ್ತಿ ಬೇರೆ ಇಟ್ಟರೆ ಪ್ರಯೋಜನವಿಲ್ಲ, ಏಕೆಂದರೆ ಮರಿಗಳು ಆಗಲೇ ನೀರಿನಲ್ಲಿವೆ.

ಬಾಲ ಕೊಳೆತ, ಗಾಯ, ಹತ್ತಿಯಂಥ ಬೂಷ್ಟು, ಹೊಟ್ಟೆ ಉಬ್ಬರ, ತಲೆಕೆಳಗಾಗಿ ಈಜುವುದು, ಇವುಗಳಿಗೆ ಟಬ್ ಸಾಕು. ದೊಡ್ಡ ಟ್ಯಾಂಕಿಗೆ ಮಿಥಿಲಿನ್ ಬ್ಲೂ ಸುರಿಯಬೇಡಿ. ಅದು ಫಿಲ್ಟರಿನ ಬ್ಯಾಕ್ಟೀರಿಯಾಕ್ಕೆ ಪೆಟ್ಟು ಕೊಡುತ್ತದೆ, ಗಿಡ ಹಾಳು ಮಾಡುತ್ತದೆ, ಗಾಜಿನ ಸಂದಿಯ ಸಿಲಿಕಾನ್ ಕಾಯಂ ನೀಲಿಯಾಗುತ್ತದೆ.

ಟಬ್ಬಿನಲ್ಲಿ ಕಲ್ಲು ಬೇಡ. ಅಡಗಲು ಒಂದು ಸಣ್ಣ ಮಣ್ಣಿನ ಕುಡಿಕೆ ಅಡ್ಡ ಹಾಕಿ. ದೊಡ್ಡ ಟ್ಯಾಂಕಿನ ನೀರನ್ನೇ ತುಂಬಿ, ಅದರಲ್ಲಿ ಅಮೋನಿಯಾ ಇಲ್ಲದಿದ್ದರೆ ಮಾತ್ರ. ಮೇಲೆ ಜಾಳಿಗೆ ಮುಚ್ಚಿ. ಹೊಸ ಜಾಗದಲ್ಲಿ ಮೀನು ಹಾರುತ್ತದೆ. ಟಬ್ಬಿನ ನೀರನ್ನು ದಿನಕ್ಕೆ ಮೂರರಲ್ಲೊಂದು ಭಾಗ ಬದಲಿಸುತ್ತಾ ಇರಬೇಕು.

## ಹಂತ 4: ನೀರು ಎಷ್ಟು ಲೀಟರ್, ಲೆಕ್ಕ ಹಾಕಿ

ಅಂದಾಜಿನ ಮೇಲೆ ಔಷಧ ಹಾಕುವುದು ಬಹಳ ಮೀನುಗಳನ್ನು ಕೊಂದಿದೆ. ನಮ್ಮಲ್ಲಿ ಟ್ಯಾಂಕನ್ನು ಫೂಟಿನಲ್ಲಿ ಮಾರುತ್ತಾರೆ, ಅಲ್ವಾ? ಉದ್ದ, ಅಗಲ, ಎತ್ತರ ಮೂರನ್ನೂ ಫೂಟಿನಲ್ಲಿ ಗುಣಿಸಿ, ಬಂದದ್ದನ್ನು 28.3ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ.

2 ಫೂಟ್ ಉದ್ದ, 1 ಫೂಟ್ ಅಗಲ, 15 ಇಂಚು ಎತ್ತರದ ಟ್ಯಾಂಕ್ ತೆಗೆದುಕೊಳ್ಳಿ. 2 × 1 × 1.25 ಅಂದರೆ 2.5. ಅದು ಸುಮಾರು 70 ಲೀಟರ್. ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ ನೀರು ಇರುವುದು 60 ಲೀಟರ್ ಆಸುಪಾಸು. ಔಷಧ 60ಕ್ಕೆ ಹಾಕಬೇಕು.

ಉಪ್ಪನ್ನು ಚಮಚದಲ್ಲಿ ಅಳೆಯಬೇಡಿ. ಹರಳುಪ್ಪಿನ ಚಮಚಕ್ಕೂ ಪುಡಿ ಉಪ್ಪಿನ ಚಮಚಕ್ಕೂ ತೂಕ ಬೇರೆ. ಲೀಟರಿಗೆ 2 ಗ್ರಾಂ ಅಂದರೆ 60 ಲೀಟರಿಗೆ 120 ಗ್ರಾಂ. ಇದನ್ನು 40 ಗ್ರಾಮಿನ ಮೂರು ಪಾಲು ಮಾಡಿ, ಒಂದು ಮಗ್ ನೀರಿನಲ್ಲಿ ಕರಗಿಸಿ, 12 ಗಂಟೆಗೊಂದು ಪಾಲಿನಂತೆ ಹಾಕಿ. ಹರಳನ್ನು ನೇರ ಟ್ಯಾಂಕಿಗೆ ಹಾಕಿದರೆ ಮೀನಿನ ಮೈಗೆ ತಾಗಿ ಸುಡುತ್ತದೆ. ಬೇರೇನೂ ಬೆರೆಸದ ಸಾದಾ ಹರಳುಪ್ಪು ಸಾಕು.

ಉಪ್ಪು ಆವಿಯಾಗುವುದಿಲ್ಲ. ನೀರು ಆರಿ ಕಡಿಮೆಯಾದಾಗ ಬರೀ ನೀರು ತುಂಬಬೇಕು. 20 ಲೀಟರ್ ತೆಗೆದು ಬದಲಿಸಿದಾಗ ಮಾತ್ರ ಆ 20 ಲೀಟರಿನ ಪಾಲು, ಅಂದರೆ 40 ಗ್ರಾಂ, ಮತ್ತೆ ಸೇರಿಸಬೇಕು. ಲೋಚ್, ಕೋರಿಡೋರಾಸ್‌ನಂಥ ತಳದ ಮೀನುಗಳು ಉಪ್ಪನ್ನು ಅಷ್ಟಾಗಿ ತಡೆಯುವುದಿಲ್ಲ. ಅವುಗಳಿದ್ದರೆ ಅರ್ಧದಿಂದ ಶುರು ಮಾಡಿ. ಗಿಡಗಳೂ ಬಾಡುತ್ತವೆ.

## ಹಂತ 5: ರೋಗ ಯಾವುದು, ಮದ್ದು ಏನು

### ಬಿಳಿಚುಕ್ಕಿ

ಮೈ, ರೆಕ್ಕೆ, ಬಾಲದ ಮೇಲೆ ಪುಡಿ ಉಪ್ಪಿನ ಕಣದಷ್ಟು ದೊಡ್ಡ, ಗುಂಡಗಿನ, ಎಣಿಸಬಹುದಾದ ಚುಕ್ಕಿಗಳು. ಮೀನು ಮೈ ಉಜ್ಜುತ್ತದೆ. ನಮ್ಮಲ್ಲಿ ಇದು ಜಾಸ್ತಿ ಬರುವುದು ಚಳಿಗಾಲದಲ್ಲಿ. ಧಾರವಾಡದಲ್ಲಿ ಡಿಸೆಂಬರ್, ಜನವರಿ ರಾತ್ರಿ 15 ಡಿಗ್ರಿ ಹತ್ತಿರಕ್ಕೆ ಇಳಿದು, ಮಧ್ಯಾಹ್ನ 30ರ ಹತ್ತಿರಕ್ಕೆ ಏರುತ್ತದೆ. ಸಣ್ಣ ಟ್ಯಾಂಕಿನ ನೀರು ಅದರ ಜೊತೆಗೇ ಏರಿಳಿಯುತ್ತದೆ. ಮೀನಿನ ಶಕ್ತಿ ಕುಂದುತ್ತದೆ.

ಗೋಲ್ಡ್‌ಫಿಶ್ ಸಾಕುವವರು ಇಲ್ಲಿ ಒಂದು ಕ್ಷಣ ನಿಲ್ಲಿ. ಬಿಳಿ ಚುಕ್ಕಿ ಬರೀ ಕಿವಿರಿನ ಮುಚ್ಚಳ ಮತ್ತು ಮುಂದಿನ ರೆಕ್ಕೆಯ ಅಂಚಿನಲ್ಲಿ ಸಾಲಾಗಿದ್ದು, ಮೀನು ಚೆನ್ನಾಗಿ ತಿಂದುಕೊಂಡಿದ್ದರೆ ಅದು ರೋಗವೇ ಅಲ್ಲ. ಗಂಡು ಮೀನು ಬೆದೆಗೆ ಬಂದಾಗ ಹಾಗೆ ಏಳುತ್ತದೆ. ಏನೂ ಹಾಕಬೇಡಿ.

ಬಿಳಿಚುಕ್ಕಿ ತರುವುದು ಒಂದೇ ಜೀವಕೋಶದ ಸೂಕ್ಷ್ಮ ಜೀವಿ, ನಾವು ಅದನ್ನು ಹುಳ ಅನ್ನೋಣ. ಈಗ ಈ ಹುಳದ ಬದುಕು ತಿಳಿದುಕೊಳ್ಳಿ, ಚಿಕಿತ್ಸೆಯ ಗುಟ್ಟೆಲ್ಲ ಅದರಲ್ಲೇ ಇದೆ. ಚುಕ್ಕಿಯಾಗಿ ಕಾಣುವಾಗ ಹುಳ ಮೀನಿನ ಚರ್ಮದ ಒಳಗಿರುತ್ತದೆ. ಯಾವ ಔಷಧವೂ ಅಲ್ಲಿಗೆ ತಲುಪುವುದಿಲ್ಲ. ಹೊಟ್ಟೆ ತುಂಬಿದ ಮೇಲೆ ಅದು ಉದುರಿ ತಳಕ್ಕೆ ಬೀಳುತ್ತದೆ, ಸುತ್ತ ಗೂಡು ಕಟ್ಟಿಕೊಂಡು ಒಡೆದು ನೂರಾರು ಮರಿಯಾಗುತ್ತದೆ. ಆ ಮರಿಗಳು ಹೊರಬಂದು ಮೀನನ್ನು ಹುಡುಕಿ ಈಜುವ ಒಂದೆರಡು ದಿನದಲ್ಲಿ ಮಾತ್ರ ಔಷಧ ಅವನ್ನು ಕೊಲ್ಲುತ್ತದೆ. ಚುಕ್ಕಿ ಮಾಯವಾದ ದಿನ ಹುಳ ಸತ್ತಿಲ್ಲ, ತಳದಲ್ಲಿ ಮರಿ ಮಾಡುತ್ತಿದೆ. ಆ ದಿನವೇ ಔಷಧ ನಿಲ್ಲಿಸುವುದರಿಂದ ವಾರದಲ್ಲಿ ಹತ್ತು ಪಟ್ಟಾಗಿ ಮರಳುತ್ತದೆ.

ಮಾಡಬೇಕಾದದ್ದು ಹೀಗೆ.

1. ತಳವನ್ನು ಸೈಫನ್‌ನಿಂದ ಎಳೆದು ಕಾಲು ಭಾಗ ನೀರು ಬದಲಿಸಿ. ಫಿಲ್ಟರಿನಲ್ಲಿ ಇದ್ದಿಲಿನ ಚೀಲ ಇದ್ದರೆ ತೆಗೆಯಿರಿ. ಅದು ಔಷಧವನ್ನು ಹೀರಿಬಿಡುತ್ತದೆ.
2. ಹೀಟರ್‌ನಿಂದ 5-6 ಗಂಟೆಗೆ 1 ಡಿಗ್ರಿಯಂತೆ ಬಿಸಿ ಏರಿಸಿ. ಗಪ್ಪಿ, ಮೊಲ್ಲಿ, ಏಂಜೆಲ್, ಬೆಟ್ಟಾ ಇದ್ದರೆ 30 ಡಿಗ್ರಿವರೆಗೆ. ಗೋಲ್ಡ್‌ಫಿಶ್ ಇದ್ದರೆ 27-28ಕ್ಕೆ ನಿಲ್ಲಿಸಿ. ಬಿಸಿ ಏರಿದಷ್ಟೂ ಹುಳದ ಸುತ್ತು ಬೇಗ ಮುಗಿದು ಮರಿಗಳು ಬೇಗ ಔಷಧಕ್ಕೆ ಸಿಗುತ್ತವೆ.
3. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಏರ್ ಸ್ಟೋನ್ ಪೂರ್ತಿ ಬಿಡಿ.
4. ಲೀಟರಿಗೆ 2 ಗ್ರಾಂ ಉಪ್ಪು, ಅಥವಾ ಮ್ಯಾಲಕೈಟ್ ಗ್ರೀನ್ ಔಷಧ. ಯಾವುದಾದರೂ ಒಂದು ಆರಿಸಿ. ಔಷಧದ ಪ್ರಮಾಣ ಬಾಟಲಿ ಮೇಲೆ ಇದ್ದಷ್ಟೇ, ಏಕೆಂದರೆ ಒಂದೊಂದು ಬಾಟಲಿಯ ಗಟ್ಟಿತನ ಒಂದೊಂದು ಥರ. ಟೆಟ್ರಾ, ಲೋಚ್ ಇದ್ದರೆ ಅರ್ಧ ಪ್ರಮಾಣ. ಕೈಗೆ ಗ್ಲೌಸ್ ಹಾಕಿಕೊಳ್ಳಿ.
5. ದಿನ ಬಿಟ್ಟು ದಿನ ತಳ ಎಳೆದು ಕಾಲು ಭಾಗ ನೀರು ಬದಲಿಸಿ. ಉದುರಿದ ಗೂಡುಗಳು ಇದರ ಜೊತೆ ಹೊರಹೋಗುತ್ತವೆ. ತೆಗೆದ ನೀರಿನ ಪಾಲಿನ ಉಪ್ಪು ಅಥವಾ ಔಷಧ ಮತ್ತೆ ಸೇರಿಸಿ.
6. ಕೊನೆಯ ಚುಕ್ಕಿ ಹೋದ ಮೇಲೆ ಇನ್ನೂ 7 ದಿನ ಹೀಗೇ ಮುಂದುವರಿಸಿ. ಹೀಟರ್ ಇಲ್ಲದೆ ನೀರು ತಣ್ಣಗಿದ್ದರೆ ಎರಡು ವಾರ.

ಎರಡನೇ, ಮೂರನೇ ದಿನ ಚುಕ್ಕಿ ಜಾಸ್ತಿಯಾಗಬಹುದು. ಅವು ಮೊದಲೇ ಚರ್ಮದೊಳಗೆ ಇದ್ದು ಈಗ ದೊಡ್ಡದಾದವು. ಗಾಬರಿಯಾಗಿ ಎರಡನೇ ಔಷಧ ಸುರಿಯಬೇಡಿ.

60 ಲೀಟರಿಗೆ 75 ವಾಟಿನ ಹೀಟರ್ ಸಾಕು. ಕೈ ಅದ್ದುವ ಮೊದಲು ಪ್ಲಗ್ ತೆಗೆಯಿರಿ. ರಾತ್ರಿ ಕರೆಂಟ್ ಹೋದರೆ ಮೂರು ಬದಿಗೆ ಕೌದಿ ಸುತ್ತಿ. ಮೇಲ್ಭಾಗ ಗಾಳಿಗೆ ಬಿಟ್ಟಿರಿ. ಬ್ಯಾಟರಿಯ ಏರ್ ಪಂಪ್ ಒಂದಿದ್ದರೆ ನೆಮ್ಮದಿಯಿಂದ ಮಲಗಬಹುದು.

### ವೆಲ್ವೆಟ್

ಚುಕ್ಕಿಯಷ್ಟು ದೊಡ್ಡದಲ್ಲ. ಓರೆ ಟಾರ್ಚಿನಲ್ಲಿ ಚಿನ್ನದ ಪುಡಿ ಅಥವಾ ತುಕ್ಕು ಉದುರಿದಂತೆ ಕಾಣುತ್ತದೆ. ಬೆಟ್ಟಾ, ಗಪ್ಪಿಗಳಲ್ಲಿ ನೋಡುತ್ತೇನೆ. ಬಿಳಿಚುಕ್ಕಿಗಿಂತ ಬೇಗ ಕೊಲ್ಲುತ್ತದೆ. ಚಿಕಿತ್ಸೆ ಹೆಚ್ಚುಕಡಿಮೆ ಅದೇ, ಜೊತೆಗೆ ಟ್ಯಾಂಕಿನ ದೀಪ ಆರಿಸಿ ಸುತ್ತ ಬಟ್ಟೆ ಮುಚ್ಚಿ. ಈ ಜೀವಿ ಗಿಡದಂತೆ ಬೆಳಕಿನಿಂದಲೂ ಆಹಾರ ಮಾಡಿಕೊಳ್ಳುತ್ತದೆ. ತಾಮ್ರ ಇರುವ ಔಷಧ ಇದಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಟ್ಯಾಂಕಿನಲ್ಲಿ ಬಸವನಹುಳು, ಸೀಗಡಿ ಇದ್ದರೆ ಅವು ಸಾಯುತ್ತವೆ.

### ಬಾಲ, ರೆಕ್ಕೆ ಕೊಳೆಯುವುದು

ಅಂಚು ಹಾಲುಬಿಳಿ ಅಥವಾ ಕೆಂಪಾಗಿ, ದಿನೇ ದಿನೇ ಸವೆಯುತ್ತಾ ಹೋದರೆ ಇದು. ಬೇರೆ ಮೀನು ಕಚ್ಚಿದ್ದರೆ ಹರಿದ ಅಂಚು ಚೊಕ್ಕವಾಗಿರುತ್ತದೆ. ಪ್ಲಾಸ್ಟಿಕ್ ಗಿಡಕ್ಕೆ ಸಿಕ್ಕಿ ಬೆಟ್ಟಾದ ರೆಕ್ಕೆ ಹರಿಯುವುದೂ ಉಂಟು.

ಟಬ್ಬಿಗೆ ಹಾಕಿ, ಲೀಟರಿಗೆ 1ರಿಂದ 2 ಗ್ರಾಂ ಉಪ್ಪು, ದಿನವೂ ನೀರು ಬದಲು. ದೊಡ್ಡ ಟ್ಯಾಂಕಿನ ನೀರನ್ನೂ ಸರಿಪಡಿಸಿ, ಏಕೆಂದರೆ ಈ ರೋಗಕ್ಕೆ ಕೆಟ್ಟ ನೀರೇ ತಾಯಿ. ಒಂದು ವಾರ, ಹತ್ತು ದಿನದಲ್ಲಿ ಸವೆತ ನಿಲ್ಲಬೇಕು. ಆಗ ಅಂಚಿನಲ್ಲಿ ತೆಳ್ಳನೆಯ, ಬಣ್ಣವಿಲ್ಲದ ಪೊರೆ ಕಾಣುತ್ತದೆ. ಅದು ಹೊಸ ರೆಕ್ಕೆ. ಅದನ್ನು ರೋಗ ಅಂದುಕೊಂಡು ಮತ್ತೆ ಔಷಧ ಹಾಕುವವರನ್ನು ಬಹಳ ಕಂಡಿದ್ದೇನೆ. ಸವೆತ ಮೈಯವರೆಗೆ ಬಂದಿದ್ದರೆ ಮಾತ್ರ ಮೀನಿಗೆಂದೇ ಮಾಡಿದ ಬ್ಯಾಕ್ಟೀರಿಯಾ ಔಷಧ (ರೋಗದ ಬ್ಯಾಕ್ಟೀರಿಯಾ ಕೊಲ್ಲುವ ಔಷಧ) ಬೇಕು.

ಮನೆಯಲ್ಲಿ ಉಳಿದ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಒಡೆದು ಹಾಕುವ ರೂಢಿ ಇದೆ. ದಯವಿಟ್ಟು ಮಾಡಬೇಡಿ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದನ್ನು ಹಿಡಿದಿಡುತ್ತವೆ, ಮೀನಿಗೆ ಸಿಗುವುದು ಅಲ್ಪ. ನೀರು ಮಾತ್ರ ಕೆಡುತ್ತದೆ.

### ಹತ್ತಿಯಂಥ ಬಿಳುಪು: ಬೂಷ್ಟೋ, ಕಾಲಮ್ನಾರಿಸೋ?

ಇಲ್ಲಿ ತಪ್ಪಿದರೆ ಮೀನು ಉಳಿಯುವುದಿಲ್ಲ. ಆದ್ದರಿಂದ ನಿಧಾನವಾಗಿ ನೋಡಿ.

ಬೂಷ್ಟು ಹಳೆ ಗಾಯದ ಮೇಲೆ ಹತ್ತಿಯ ಎಳೆಗಳಂತೆ ಉದ್ದಕ್ಕೆ ಬೆಳೆದು ನೀರಿನಲ್ಲಿ ಅಲ್ಲಾಡುತ್ತದೆ. ನಿಧಾನವಾಗಿ ಹರಡುತ್ತದೆ. ಟಬ್ಬಿನಲ್ಲಿ ಮಿಥಿಲಿನ್ ಬ್ಲೂ, ಉಪ್ಪು ಸಾಕು.

ಕಾಲಮ್ನಾರಿಸ್ ಬ್ಯಾಕ್ಟೀರಿಯಾದಿಂದ ಬರುವುದು. ಬಾಯಿಯ ಸುತ್ತ ಬೂದು ಬಿಳುಪು, ಅಥವಾ ಬೆನ್ನಿನ ಎರಡೂ ಬದಿಗೆ ಜೀನು ಹಾಕಿದಂತೆ ಮಾಸಲು ಪಟ್ಟೆ. ಎಳೆಗಳು ಗಿಡ್ಡ, ಮೈಗೆ ಅಂಟಿಕೊಂಡಿರುತ್ತವೆ. ಏಪ್ರಿಲ್, ಮೇ ಬಿಸಿಲಿನಲ್ಲಿ ಒಂದೆರಡು ದಿನದಲ್ಲೇ ಕೊಲ್ಲಬಹುದು.

ಬಿಳಿ ಕಂಡ ಕೂಡಲೇ ಬಿಳಿಚುಕ್ಕಿಯಂತೆ ಬಿಸಿ ಏರಿಸಿದರೆ ಕಾಲಮ್ನಾರಿಸ್ ಇನ್ನೂ ಬೇಗ ಹಬ್ಬುತ್ತದೆ. ಇದಕ್ಕೆ ನೀರು ತಂಪು ಮಾಡಬೇಕು. ಹೀಟರ್ ತೆಗೆಯಿರಿ, ಮುಚ್ಚಳ ತೆಗೆದು ಫ್ಯಾನ್ ಗಾಳಿ ಬಿಡಿ, ನಿಧಾನಕ್ಕೆ 24-25 ಡಿಗ್ರಿಗೆ ತನ್ನಿ. ಲೀಟರಿಗೆ 2 ಗ್ರಾಂ ಉಪ್ಪು, ಗಾಳಿ ಜಾಸ್ತಿ, ಅದೇ ದಿನ ಬ್ಯಾಕ್ಟೀರಿಯಾ ಔಷಧ. ನಾಳೆ ನೋಡೋಣ ಅನ್ನಬೇಡಿ.

### ಹೊಟ್ಟೆ ಉಬ್ಬರ, ಹುರುಪೆ ಎದ್ದು ನಿಲ್ಲುವುದು

ಮೇಲಿನಿಂದ ನೋಡಿದಾಗ ಮೈ ಸೀತಾಫಲದಂತೆ ಕಂಡರೆ, ಅಂದರೆ ಹುರುಪೆಗಳು ಎದ್ದು ನಿಂತಿದ್ದರೆ, ಒಳಗೆ ಮೂತ್ರಪಿಂಡ ಕೆಟ್ಟಿರುವ ಸಾಧ್ಯತೆ ಹೆಚ್ಚು. ಸುಳ್ಳು ಭರವಸೆ ಕೊಡಲಾರೆ. ಈ ಹಂತದಲ್ಲಿ ಬಹುಪಾಲು ಮೀನು ಉಳಿಯುವುದಿಲ್ಲ. ಟಬ್ಬಿನಲ್ಲಿ ಸ್ವಚ್ಛ ನೀರು, ಕತ್ತಲೆ, ಬ್ಯಾಕ್ಟೀರಿಯಾ ಔಷಧ ಕೊಟ್ಟು ನೋಡಿ. ಹೊಟ್ಟೆ ಉಬ್ಬಿದ್ದರೂ ಹುರುಪೆ ಮಲಗಿಯೇ ಇದ್ದರೆ ಅದು ಮಲಬದ್ಧತೆಯೋ, ಮೊಟ್ಟೆಯೋ ಇರಬಹುದು.

### ತಲೆಕೆಳಗಾಗಿ ತೇಲುವುದು

ಗುಂಡು ಮೈಯ ಗೋಲ್ಡ್‌ಫಿಶ್‌ಗಳ ಕಾಯಿಲೆ. ತೇಲುವ ಕಾಳು ತಿನ್ನುವಾಗ ಗಾಳಿ ನುಂಗಿ, ಜಾಸ್ತಿ ತಿಂದು ಹೀಗಾಗುವುದು ಸಾಮಾನ್ಯ. ಎರಡು ಮೂರು ದಿನ ಉಪವಾಸ ಇಡಿ. ಆಮೇಲೆ ಬೇಯಿಸಿ ಸಿಪ್ಪೆ ತೆಗೆದ ಹಸಿ ಬಟಾಣಿ ಚೂರು ಕೊಡಿ. ಮುಂದೆ ಕಾಳನ್ನು ನೆನೆಸಿ, ಮುಳುಗುವಂತೆ ಮಾಡಿ ಹಾಕಿ. ಔಷಧ ಬೇಡ.

### ಆಂಕರ್ ಹುಳು, ಮೀನಿನ ಹೇನು

ಮೈಯಿಂದ ಸಣ್ಣ ದಾರ ಜೋತುಬಿದ್ದು ಬುಡ ಕೆಂಪಾಗಿದ್ದರೆ ಆಂಕರ್ ಹುಳು. ಚಪ್ಪಟೆ, ಗುಂಡಗೆ, ಮೈಮೇಲೆ ಹರಿದಾಡುವುದು ಹೇನು. ಒದ್ದೆ ಬಟ್ಟೆಯಲ್ಲಿ ಮೀನನ್ನು ಹಿಡಿದು, ಚಿಮಟಿಗೆಯಿಂದ ಹುಳುವನ್ನು ಬುಡಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ. ಅಷ್ಟಕ್ಕೆ ಮುಗಿಯಲಿಲ್ಲ. ಕಣ್ಣಿಗೆ ಕಾಣದ ಮರಿಗಳು ನೀರಿನಲ್ಲಿವೆ. ಇದಕ್ಕೆಂದೇ ಇರುವ ಔಷಧವನ್ನು ವಾರಕ್ಕೊಮ್ಮೆಯಂತೆ ಮೂರು ನಾಲ್ಕು ವಾರ ಹಾಕಿ. ಪೊಟ್ಯಾಸಿಯಂ ಪರ್ಮಾಂಗನೇಟ್ ಹರಳನ್ನು ಚಿಟಿಕೆ ಲೆಕ್ಕದಲ್ಲಿ ಹಾಕುವುದು ಅಪಾಯ. ಪಿಎಚ್ ಹೆಚ್ಚಿರುವ ನೀರಿನಲ್ಲಿ ಅದು ಕಿವಿರಿಗೆ ಇನ್ನೂ ಕೆಟ್ಟದ್ದು. ಹೊಸಬರು ಅದರ ತಂಟೆಗೇ ಹೋಗದಿದ್ದರೆ ಒಳ್ಳೆಯದು.

## ಹಂತ 6: ಔಷಧ ನಡೆಯುತ್ತಿರುವಾಗ

ಒಮ್ಮೆಗೆ ಒಂದೇ ಔಷಧ. ಬದಲಿಸಲೇಬೇಕಾದರೆ ಅರ್ಧ ನೀರು ಬದಲಿಸಿ, ಒಂದು ದಿನ ಇದ್ದಿಲು ಹಾಕಿ ಹಳೆಯದನ್ನು ತೆಗೆದ ಮೇಲೆ ಹೊಸದು.

ಊಟ ದಿನಕ್ಕೊಮ್ಮೆ, ಒಂದು ನಿಮಿಷದಲ್ಲಿ ತಿನ್ನುವಷ್ಟು. ಅಮೋನಿಯಾ ದಿನವೂ ಅಳೆಯಿರಿ, ಔಷಧದಿಂದ ಫಿಲ್ಟರ್ ಕುಗ್ಗಿರಬಹುದು.

ಔಷಧ ಹಾಕಿದ ಒಂದು ಗಂಟೆ ಅಲ್ಲಿಂದ ಏಳಬೇಡಿ. ಮೀನು ಮೇಲೆ ಬಂದು ಗಾಳಿ ನುಂಗಿದರೆ, ಹುಚ್ಚೆದ್ದು ಗಾಜಿಗೆ ಬಡಿದರೆ, ಮಗ್ಗುಲಾಗಿ ಬಿದ್ದರೆ, ಕೂಡಲೇ ಅರ್ಧ ನೀರು ಬದಲಿಸಿ ಗಾಳಿ ಹೆಚ್ಚಿಸಿ. ಡ್ರಮ್ಮಿನಲ್ಲಿ ನೀರು ಸಿದ್ಧವಿಲ್ಲದೆ ಔಷಧದ ಬಾಟಲಿ ತೆರೆಯಲೇಬಾರದು.

ಮನೆಮದ್ದಿನ ಬಗ್ಗೆ ಕೇಳುತ್ತಾರೆ. ಅರಿಶಿನ ಪುಡಿ ನೀರು ಕೆಡಿಸುತ್ತದೆ. ಪಟಿಕ ಹಾಕಿದರೆ ಪಿಎಚ್ ಕುಸಿಯುತ್ತದೆ. ಒಣಗಿದ ಕಾಡು ಬಾದಾಮಿ ಎಲೆ ಬೆಟ್ಟಾಗಳಿಗೆ ಹಿತ, ಒಂದೆರಡು ಹಾಕಬಹುದು. ಆದರೆ ಅದು ರೋಗ ಬಂದ ಮೇಲಿನ ಚಿಕಿತ್ಸೆಯಲ್ಲ.

ನಿಮ್ಮ ಕೈಯಲ್ಲಿ ಗಾಯವಿದ್ದರೆ ಗ್ಲೌಸ್ ಇಲ್ಲದೆ ನೀರಿಗೆ ಕೈ ಹಾಕಬೇಡಿ. ಮೀನಿನ ಕೆಲವು ಬ್ಯಾಕ್ಟೀರಿಯಾ ಮನುಷ್ಯರ ಚರ್ಮಕ್ಕೂ ಹತ್ತುತ್ತವೆ. ಬಾಯಿಯಿಂದ ಸೈಫನ್ ಎಳೆಯುವುದನ್ನೂ ಬಿಡಿ.

## ಹಂತ 7: ಮುಗಿಸುವ ಕ್ರಮ

ಗುಣವಾದ ಮೇಲೆ ಬಿಸಿಯನ್ನು ದಿನಕ್ಕೆ 1 ಡಿಗ್ರಿಯಂತೆ ಇಳಿಸಿ. ಉಪ್ಪನ್ನು ವಾರಕ್ಕೆ ಎರಡು ಸಲ ಕಾಲು ಭಾಗ ನೀರು ಬದಲಿಸಿ ತೆಗೆಯಿರಿ. ಇದ್ದಿಲಿನ ಹೊಸ ಚೀಲ ಹಾಕಿ. ಬಲೆ, ಪೈಪು, ಟಬ್ಬನ್ನು ತೊಳೆದು ಕಡು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ.

ಸತ್ತ ಮೀನನ್ನು ಕಂಡ ಕೂಡಲೇ ತೆಗೆದು, ಗಿಡದ ಬುಡದಲ್ಲಿ ಆಳವಾಗಿ ಹೂಳಿ. ಕಾಯಿಲೆ ಮೀನನ್ನು ಪಾಪ ಬದುಕಿಕೊಳ್ಳಲಿ ಅಂತ ಉಣಕಲ್ ಕೆರೆಗೋ ಕೆಲಗೇರಿ ಕೆರೆಗೋ ಬಿಡಬೇಡಿ. ಅಲ್ಲಿನ ಮೀನಿಗೆ ಹುಳು, ರೋಗ ಎರಡೂ ಹೋಗುತ್ತವೆ.

ಇನ್ನು ಖಾಲಿಯಾದ ಜಾಗಕ್ಕೆ ಹೊಸ ಮೀನು. ಬಿಳಿಚುಕ್ಕಿ, ಆಂಕರ್ ಹುಳು ನಮ್ಮ ಮನೆಗೆ ಬರುವ ದಾರಿ ಬಹುತೇಕ ಇದೊಂದೇ. ಕೊಳ್ಳುವಾಗ ಆ ಮೀನನ್ನಷ್ಟೇ ಅಲ್ಲ, ಅದೇ ಟ್ಯಾಂಕಿನ ಉಳಿದ ಮೀನುಗಳನ್ನೂ ನೋಡಿ. ಒಂದು ಸತ್ತು ತೇಲುತ್ತಿದ್ದರೆ ಆ ದಿನ ಬರಿಗೈಯಲ್ಲಿ ಬನ್ನಿ. ತಂದ ಮೀನಿನ ಚೀಲವನ್ನು 20 ನಿಮಿಷ ಟಬ್ಬಿನಲ್ಲಿ ತೇಲಿಬಿಡಿ, ಆಮೇಲೆ ಮೀನನ್ನು ಮಾತ್ರ ಬಲೆಯಿಂದ ಎತ್ತಿ ಹಾಕಿ, ಚೀಲದ ನೀರನ್ನು ಬಚ್ಚಲಿಗೆ ಚೆಲ್ಲಿ. ಟಬ್ಬಿನಲ್ಲಿ 3ರಿಂದ 4 ವಾರ ಇಟ್ಟು, ದಿನವೂ ಟಾರ್ಚ್ ಹಿಡಿದು ನೋಡಿ. ಅಷ್ಟು ದಿನ ಮೈ ಚೊಕ್ಕವಾಗಿದ್ದರೆ, ಒಂದು ಸಂಜೆ ದೊಡ್ಡ ಟ್ಯಾಂಕಿನ ದೀಪ ಆರಿಸಿ, ಹಳೆ ಮೀನುಗಳಿಗೆ ಒಂದಿಷ್ಟು ಊಟ ಹಾಕಿ, ಹೊಸದನ್ನು ಮೆಲ್ಲಗೆ ಒಳಗೆ ಬಿಡಿ.